ಜೋಡಿ ಕಟ್ಟುವುದನ್ನು ಸಡಿಲ ಮಾಡಿದಾಗ: ಕಾಲ್ ಆಫ್ ಡ್ಯೂಟಿಯ 2024ರ ಪರೀಕ್ಷೆ

2024ರ ಆರಂಭದಲ್ಲಿ ಉತ್ತರ ಅಮೆರಿಕದಲ್ಲಿ ‘ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್ 3’ ಅನ್ನುವ ಆನ್‌ಲೈನ್ ಶೂಟಿಂಗ್ ಗೇಮ್ ಆಡುತ್ತಿದ್ದವರಲ್ಲಿ ಅರ್ಧ ಜನರ ಆಟದಲ್ಲಿ, ಅವರಿಗೆ ಗೊತ್ತಾಗದ ಹಾಗೆ, ಒಂದು ತಿರುಪನ್ನು ಸಡಿಲ ಮಾಡಲಾಯಿತು. ಗನ್, ಮ್ಯಾಪ್, ಮೋಡ್ ಎಲ್ಲ ಹಾಗೇ ಇದ್ದವು. ಎದುರಿಗೆ ಯಾರು ಬರುತ್ತಾರೆ ಅನ್ನುವುದು ಮಾತ್ರ ಬದಲಾಯಿತು. ಮಾಮೂಲಾಗಿ ಈ ಗೇಮ್ ಆಡುವವರ ಕೈಚಳಕವನ್ನು ಅಳೆದು, ಹೆಚ್ಚುಕಮ್ಮಿ ಸಮ ಇರುವವರನ್ನು ಒಂದೇ ಲಾಬಿಗೆ, ಅಂದರೆ ಒಂದೇ ಮ್ಯಾಚ್ ಆಡುವ ಗುಂಪಿಗೆ, ಹಾಕುತ್ತದೆ. ಪರೀಕ್ಷೆಯಲ್ಲಿ ಆ ಅಳತೆಗೆ ಕೊಡುವ ಬೆಲೆಯನ್ನು ಇಳಿಸಿದರು. ಏನಾಯಿತು ಅಂತ ಅದೇ ವರ್ಷ ಜುಲೈಯಲ್ಲಿ ಗೇಮ್ ಹೊರತರುವ ಆಕ್ಟಿವಿಷನ್ ಕಂಪನಿ ಒಂದು ವರದಿ ಬರೆದು ಎಲ್ಲರ ಮುಂದಿಟ್ಟಿತು.

ಕೈಚಳಕ ನೋಡಿ ಜೋಡಿ ಕಟ್ಟುವುದನ್ನು ಬಿಡಿ ಅಂತ ಜೋರಾಗಿ ಮಾತಾಡುವ ಆಟಗಾರರು ವರ್ಷಗಟ್ಟಲೆ ಕೇಳುತ್ತಾ ಬಂದಿದ್ದನ್ನೇ ಕಂಪನಿ ಸದ್ದಿಲ್ಲದೆ ಕೊಟ್ಟು ನೋಡಿತ್ತು. ಅದಕ್ಕೇ ಈ ಪ್ರಕರಣವನ್ನು ಪೂರ್ತಿಯಾಗಿ ಬರೆಯಬೇಕು ಅನ್ನಿಸಿತು. ಈ ಜಗಳದಲ್ಲಿ ದನಿ ಎತ್ತುವವರೇ ಬೇರೆ, ಪೆಟ್ಟು ತಿನ್ನುವವರೇ ಬೇರೆ. ಪೆಟ್ಟು ತಿಂದವರು ದೂರು ಹೇಳುವುದಿಲ್ಲ, ಸುಮ್ನೆ ಗೇಮ್ ಬಿಟ್ಟು ಹೋಗುತ್ತಾರೆ. ಅವರು ಹೋಗಿದ್ದು ಲೆಕ್ಕದಲ್ಲಿ ಮಾತ್ರ ಕಾಣುತ್ತದೆ.

ಮೊದಲು ಈ ಅಳತೆ ಅಂದರೆ ಏನು ಅಂತ ನೋಡೋಣ.

ನಾನು ಬೆಳೆದಿದ್ದು ಮೈಸೂರಿನಲ್ಲಿ. ದಸರಾ ಕುಸ್ತಿಗೆ ಮುಂಚೆ ಜೋಡಿ ಕಟ್ಟುವ ಕಾರ್ಯಕ್ರಮ ಅಂತ ಒಂದಿರುತ್ತದೆ. ಚಿಕ್ಕವನಿದ್ದಾಗ ಅಪ್ಪನ ಜೊತೆ ಹೋಗಿ ನಿಂತು ನೋಡಿದ್ದೇನೆ. ಪೈಲ್ವಾನರ ತೂಕ ನೋಡುತ್ತಾರೆ, ವಯಸ್ಸು ಕೇಳುತ್ತಾರೆ, ಯಾವ ಗರಡಿ, ಹೋದ ಸಲ ಯಾರ ಜೊತೆ ಆಡಿದ್ದೆ ಅಂತ ವಿಚಾರಿಸುತ್ತಾರೆ, ಆಮೇಲೆ ಇಬ್ಬರನ್ನು ಎದುರುಬದುರು ನಿಲ್ಲಿಸಿ ಕೈ ಕೊಡಿಸುತ್ತಾರೆ. ಒಂದು ಜೋಡಿ ನಿಂತ ತಕ್ಷಣ ವಯಸ್ಸಾದ ಉಸ್ತಾದರೊಬ್ಬರು ಬೇಡ ಅಂತ ಕೈ ಆಡಿಸಿದ್ದು ನನಗಿನ್ನೂ ನೆನಪಿದೆ. ತೂಕ ಸರಿಯಾಗೇ ಇತ್ತು. ಆದರೆ ಒಬ್ಬನ ಕಿವಿ ಮಣ್ಣಿನಲ್ಲಿ ಉಜ್ಜಿ ಉಜ್ಜಿ ಮುದುಡಿ ಗಟ್ಟಿಯಾಗಿತ್ತು, ಇನ್ನೊಬ್ಬನ ಕಿವಿ ಮಗುವಿನ ಕಿವಿ ಥರ ನುಣ್ಣಗಿತ್ತು. ಅಪ್ಪ ಬಗ್ಗಿ ಅದನ್ನು ತೋರಿಸಿದ ಮೇಲೇ ನನಗೆ ಅರ್ಥವಾಗಿದ್ದು.

ಗೇಮ್ ನಡೆಸುವ ಕಂಪ್ಯೂಟರಿಗೆ, ಅಂದರೆ ಸರ್ವರ್‌ಗೆ, ಯಾರ ಕಿವಿಯೂ ಕಾಣುವುದಿಲ್ಲ. ಅದರ ಹತ್ತಿರ ಇರುವುದು ಹಿಂದಿನ ಮ್ಯಾಚ್‌ಗಳ ಲೆಕ್ಕ ಅಷ್ಟೇ. ಆ ಲೆಕ್ಕದಿಂದ ಒಂದು ಅಂಕಿ ತೆಗೆಯಬೇಕು, ಅದೇ ರೇಟಿಂಗ್.

ಈ ದಾರಿ ಚೆಸ್‌ನಿಂದ ಬಂದಿದ್ದು. ಅರ್ಪಾದ್ ಎಲೋ ಅಂತ, ಹಂಗೇರಿಯಲ್ಲಿ ಹುಟ್ಟಿ ಅಮೆರಿಕದ ಮಿಲ್ವಾಕಿಯಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದ ಮೇಷ್ಟ್ರು, ಒಂದು ಲೆಕ್ಕ ಕಟ್ಟಿಕೊಟ್ಟರು. ಅಮೆರಿಕದ ಚೆಸ್ ಫೆಡರೇಷನ್ ಅದನ್ನು 1960ರಲ್ಲಿ ಒಪ್ಪಿಕೊಂಡಿತು, ಜಾಗತಿಕ ಚೆಸ್ ಸಂಸ್ಥೆ ಫಿಡೆ 1970ರಲ್ಲಿ. ಇಬ್ಬರ ಅಂಕಗಳ ನಡುವಿನ ಅಂತರ ನೋಡಿದರೆ ಯಾರು ಎಷ್ಟು ಸಲ ಗೆಲ್ಲಬಹುದು ಅಂತ ಮೊದಲೇ ಹೇಳಬಹುದು ಅನ್ನುವುದು ಅದರ ಜೀವಾಳ. ನಿಮ್ಮದು 1500, ಎದುರಾಳಿಯದು 1700 ಅಂದುಕೊಳ್ಳಿ. 200 ಅಂಕದ ಅಂತರ ಅಂದರೆ 100 ಆಟ ಆಡಿದರೆ ನೀವು ಸುಮಾರು 24 ಗೆಲ್ಲುತ್ತೀರಿ (ಡ್ರಾ ಆದರೆ ಅರ್ಧ ಗೆಲುವು) ಅಂತ ಲೆಕ್ಕ. ಒಂದು ಆಟಕ್ಕೆ 32 ಅಂಕ ಪಣಕ್ಕಿದೆ ಅಂದರೆ, ನೀವು ಗೆದ್ದರೆ ಸುಮಾರು 24 ಅಂಕ ಮೇಲೆ ಹೋಗುತ್ತೀರಿ, ಸೋತರೆ 8 ಅಂಕ ಕೆಳಗೆ ಬರುತ್ತೀರಿ. ಸೋಲುವುದು ಸಹಜ ಅಂತ ಮೊದಲೇ ಗೊತ್ತಿತ್ತಲ್ಲ, ಅದಕ್ಕೆ ಶಿಕ್ಷೆ ಕಡಿಮೆ. ನಿರೀಕ್ಷೆ ಎಷ್ಟು ತಪ್ಪಿತೋ ಅಷ್ಟು ತಿದ್ದುವುದು, ಇಷ್ಟೇ ವಿಷಯ. ನನ್ನ ಮಟ್ಟಿಗೆ ಇದು ತುಂಬಾ ಚೆಂದದ ಯೋಚನೆ.

ಆದರೆ ಇದರಲ್ಲಿ ಒಂದು ಕೊರತೆ ಇದೆ. 1500 ಅನ್ನುವ ಅಂಕ 500 ಆಟ ಆಡಿದವನದ್ದೋ, ಇವತ್ತು ಬೆಳಿಗ್ಗೆ ಸೇರಿದವನದ್ದೋ ಅಂತ ಆ ಒಂದು ಅಂಕಿಯಲ್ಲಿ ಗೊತ್ತಾಗುವುದಿಲ್ಲ. ಮಾರ್ಕ್ ಗ್ಲಿಕ್‌ಮನ್ ಅನ್ನುವ ಸಂಖ್ಯಾಶಾಸ್ತ್ರಜ್ಞರು 1990ರ ದಶಕದಲ್ಲಿ ಕಟ್ಟಿದ ಗ್ಲಿಕೋ ಪದ್ಧತಿ ಅಂಕದ ಪಕ್ಕದಲ್ಲೇ ಇನ್ನೊಂದು ಅಂಕಿ ಇಟ್ಟಿತು. ಈ ಅಂದಾಜಿನ ಮೇಲೆ ನಮಗೆಷ್ಟು ಅನುಮಾನ ಇದೆ ಅಂತ ಅದು ಹೇಳುತ್ತದೆ. ಆಮೇಲೆ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ ಆಟಗಳಿಗೆ ಮಾಡಿದ ಟ್ರೂಸ್ಕಿಲ್ ಕೂಡ ಇದೇ ದಾರಿ ಹಿಡಿದು, ತಂಡಗಳಿಗೂ ಲೆಕ್ಕ ಹಾಕುವ ಹಾಗೆ ಮಾಡಿತು. ಅದರಲ್ಲಿ ಹೊಸಬರಿಗೆ ಅಂದಾಜು 25, ಅನುಮಾನ ಸುಮಾರು 8.33. ಪಟ್ಟಿಯಲ್ಲಿ ಜಾಗ ಕೊಡುವಾಗ ಅಂದಾಜಿನಿಂದ ಅನುಮಾನದ 3 ಪಟ್ಟನ್ನು ಕಳೆಯುತ್ತಾರೆ, ಹಾಗಾಗಿ ಎಲ್ಲರೂ ಶುರುವಾಗುವುದು ಸೊನ್ನೆಯಿಂದ. ಆಡಿದಷ್ಟೂ ಅನುಮಾನ ಕರಗುತ್ತದೆ, ಅಂಕ ಗಟ್ಟಿಯಾಗುತ್ತದೆ.

ಇದನ್ನು ನಾನು ಮನೆಯಲ್ಲೇ ಕಣ್ಣಾರೆ ನೋಡಿದೆ. ಹೋದ ಬೇಸಿಗೆ ರಜೆಗೆ ಅಕ್ಕನ ಮಗ ನಮ್ಮಲ್ಲಿಗೆ ಬಂದಿದ್ದ, ಮೊದಲ ಪಿಯುಸಿ ಮುಗಿಸಿದ್ದ ಹುಡುಗ. ನಾನು ಇಂಥದ್ದೇ ಒಂದು ಶೂಟಿಂಗ್ ಗೇಮನ್ನು ಸುಮಾರು ವರ್ಷದಿಂದ ಆಡುತ್ತಿದ್ದೇನೆ. ಅವನಿಗೂ ಆಸೆಯಾಯಿತು, ನನ್ನ ಅಕೌಂಟಿನಲ್ಲೇ ಕೂರಿಸಿದೆ. ಮೊದಲ ಮ್ಯಾಚ್‌ನಲ್ಲಿ ಅವನು ಹೊಡೆದಿದ್ದು 3, ಸತ್ತಿದ್ದು 19 ಸಲ. ಎರಡನೆಯದರಲ್ಲಿ 2 ಹೊಡೆದು 17 ಸಲ ಸತ್ತ. ಮೂರನೆಯದರಲ್ಲಿ ಮಾತೇ ಆಡಲಿಲ್ಲ. ನಾಲ್ಕನೆಯದರ ಮಧ್ಯದಲ್ಲಿ ಕಂಟ್ರೋಲರನ್ನು ಸೋಫಾದ ಮೇಲಿಟ್ಟು, “ಮಾಮ, ಇದು ನಂಗೆ ಬರಲ್ಲ ಬಿಡು” ಅಂದ. ಅವನ ಮುಖ ನೋಡಿ ನನಗೆ ಕೆಟ್ಟದ್ದೆನಿಸಿತು, ಯಾಕೆಂದರೆ ತಪ್ಪು ಅವನದ್ದಲ್ಲ. ಸರ್ವರ್ ಹುಡುಕಿ ತಂದಿದ್ದು ನನ್ನ ಕೈಗೆ ಸಮ ಆಗುವ ಎದುರಾಳಿಗಳನ್ನು, ಕೂತಿದ್ದು ಅವನು.

ಮರುದಿನ ಅವನಿಗೇ ಹೊಸ ಅಕೌಂಟ್ ಮಾಡಿಕೊಟ್ಟೆ. ಮೊದಲ ಐದಾರು ಮ್ಯಾಚ್ ಉಯ್ಯಾಲೆ ಆಡಿದ ಹಾಗಿತ್ತು. ಒಂದರಲ್ಲಿ ಪಟ್ಟಿಯ ತುದಿಯಲ್ಲಿದ್ದ, ಇನ್ನೊಂದರಲ್ಲಿ ತಳದಲ್ಲಿ. ಸಿಸ್ಟಮ್ಮಿಗೆ ಇವನು ಯಾರು ಅಂತ ಗೊತ್ತಿಲ್ಲ, ದೊಡ್ಡ ದೊಡ್ಡ ಹೆಜ್ಜೆ ಹಾಕಿ ಹುಡುಕುತ್ತಿತ್ತು. ಆಮೇಲೆ ನಿಂತಿತು. ನಾಲ್ಕನೇ ದಿನ ಊಟಕ್ಕೆ ಕರೆದರೆ “ಇನ್ನೊಂದೇ ಮ್ಯಾಚ್” ಅನ್ನುವುದಕ್ಕೆ ಶುರು ಮಾಡಿದ. ಅದೇ ಗೇಮ್, ಅದೇ ಹುಡುಗ.

ಈಗ ಕಾಲ್ ಆಫ್ ಡ್ಯೂಟಿಗೆ ಬರೋಣ. ಅಲ್ಲಿ ಬಹುತೇಕ ಮೋಡ್‌ಗಳಲ್ಲಿ ಆರು ಜನಕ್ಕೆ ಆರು ಜನ. ಇದರಲ್ಲಿ ತಂಡ ಗೆದ್ದರೆ ನೀವು ಚೆನ್ನಾಗಿ ಆಡಿದಿರಿ ಅಂತ ಹೇಳುವ ಹಾಗಿಲ್ಲ, ಉಳಿದ ಐವರು ನಿಮ್ಮನ್ನು ಹೊತ್ತುಕೊಂಡು ಹೋಗಿರಬಹುದು. ಅದಕ್ಕೆ ಇಲ್ಲಿ ಗೆಲುವು ಸೋಲಿನ ಜೊತೆಗೆ ಎಷ್ಟು ಹೊಡೆದಿರಿ, ಎಷ್ಟು ಸಲ ಸತ್ತಿರಿ, ಯಾವ ಮೋಡ್ ಆಡುತ್ತೀರಿ, ಇತ್ತೀಚಿನ ಮ್ಯಾಚ್‌ಗಳು ಹೇಗಾದವು ಅನ್ನುವುದನ್ನೆಲ್ಲ ಸೇರಿಸಿ ಲೆಕ್ಕ ಹಾಕುತ್ತಾರೆ ಅಂತ ಕಂಪನಿ ಹೇಳಿದೆ. ಈ ಅಂಕ ಆಟಗಾರರಿಗೆ ಕಾಣುವುದಿಲ್ಲ. ರ್ಯಾಂಕ್ಡ್ ಮೋಡ್‌ನಲ್ಲಿ ಒಂದು ಪದಕ, ಒಂದು ಹೆಸರು ಕಾಣುತ್ತದೆ. ಸುಮ್ನೆ ಮಜಕ್ಕೆ ಆಡುವ ಮಾಮೂಲಿ ಮೋಡ್‌ನಲ್ಲಿ ಏನೂ ಇಲ್ಲ.

ಅಂಕ ಸಿಕ್ಕ ಮೇಲೆ ಜೋಡಿ ಕಟ್ಟಬೇಕಲ್ಲ, ನಿಜವಾದ ತಲೆನೋವು ಅಲ್ಲಿದೆ. ಹೊರಗಿನಿಂದ ನೋಡುವವರು ಸ್ಕಿಲ್ ಒಂದೇ ನೋಡುತ್ತಾರೆ ಅಂದುಕೊಳ್ಳುತ್ತಾರೆ. 2024ರ ಏಪ್ರಿಲ್‌ನಲ್ಲಿ ಕಂಪನಿ ಬರೆದ ಪ್ರಕಾರ ಮೊದಲ ಸ್ಥಾನ ಕನೆಕ್ಷನ್‌ಗೆ, ಅಂದರೆ ಪಿಂಗ್‌ಗೆ (ಸರ್ವರಿಗೆ ಸಂಕೇತ ಹೋಗಿ ಬರಲು ಹಿಡಿಯುವ ಹೊತ್ತು), ಆಮೇಲೆ ಕಾಯುವ ಹೊತ್ತಿಗೆ. ಸ್ಕಿಲ್, ಕಂಟ್ರೋಲರಾ ಮೌಸಾ, ಯಾವ ಯಂತ್ರ, ಇತ್ತೀಚೆಗೆ ಆಡಿದ ಮ್ಯಾಪ್ ಯಾವುದು, ಮೈಕ್ ಇದೆಯಾ ಅನ್ನುವುದೆಲ್ಲ ಅದರ ಜೊತೆ ಸೇರುತ್ತವೆ. ಪಿಂಗ್‌ನಲ್ಲೂ ಅವರು ನೋಡುವುದು ಡೆಲ್ಟಾ ಪಿಂಗ್ ಅನ್ನುವುದನ್ನು. ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ, ಮೈಸೂರಿನಲ್ಲಿ ಕೂತವನಿಗೆ ಮುಂಬೈ ಸರ್ವರ್ 30 ಮಿಲಿಸೆಕೆಂಡ್, ಸಿಂಗಪುರದ್ದು 70 ಅಂತಿದ್ದರೆ, ಅವನನ್ನು ಸಿಂಗಪುರಕ್ಕೆ ಕಳಿಸಿದಾಗ ಡೆಲ್ಟಾ 40. ಅಂದರೆ ನಿನಗೆ ಸಿಗಬಹುದಾಗಿದ್ದ ಅತ್ಯುತ್ತಮಕ್ಕಿಂತ ಎಷ್ಟು ಕೆಟ್ಟದ್ದು ಸಿಕ್ಕಿತು ಅನ್ನುವ ಅಳತೆ. ಹಳ್ಳಿಯ ನೆಟ್‌ವರ್ಕಿನಲ್ಲಿ ಯಾವ ಸರ್ವರ್ ಹಿಡಿದರೂ 90 ಬರುವವನಿಗೆ ಇದರಿಂದ ಅನ್ಯಾಯ ಕಡಿಮೆ.

ಹೀಗೆ ಪಿಂಗ್, ಕಾಯುವ ಹೊತ್ತು, ಸಮಬಲ ಅಂತ ಮೂರು ಹಗ್ಗ. ಒಂದನ್ನು ಬಿಗಿ ಹಿಡಿದರೆ ಇನ್ನೆರಡನ್ನು ಬಿಡಲೇಬೇಕು. ಅದಕ್ಕೇ ನೀವು ಮ್ಯಾಚ್ ಹುಡುಕಲು ಒತ್ತಿದ ಮೊದಲ ಕ್ಷಣಗಳಲ್ಲಿ ಸಿಸ್ಟಮ್ ತುಂಬಾ ಕಟ್ಟುನಿಟ್ಟು, ಹೊತ್ತು ಹೋದ ಹಾಗೆ ಒಂದೊಂದೇ ಬೇಲಿ ಸಡಿಲಿಸುತ್ತದೆ. ರಾತ್ರಿ 2 ಗಂಟೆಗೆ ಆಡುವವರಿಗೆ ಇದು ಚೆನ್ನಾಗಿ ಗೊತ್ತು. ಆಡುವ ಜನ ಕಡಿಮೆ, ಬೇಲಿ ದೂರ, ಯಾರೋ ಎಲ್ಲಿಯವರೋ ಬಂದು ಸೇರುತ್ತಾರೆ.

ಕೆರೆಯಲ್ಲಿ ನೀರು ಜಾಸ್ತಿ ಇದ್ದಾಗ ಮೂರೂ ಹಗ್ಗ ಒಟ್ಟಿಗೆ ಹಿಡಿಯಬಹುದು. ಜನ ಇದ್ದರೆ ಮಾತ್ರ ಸಮ ಜೋಡಿ, ಹತ್ತಿರದ ಸರ್ವರ್, ಬೇಗ ಮ್ಯಾಚ್ ಎಲ್ಲ ಸಿಗುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಾಗಾದರೆ ಆಟಗಾರರ ದೂರು ಏನು? ನಾನು ಆ ದೂರನ್ನು ಹಗುರವಾಗಿ ತೆಗೆದುಕೊಳ್ಳುವವನಲ್ಲ, ಅದರಲ್ಲಿ ಹುರುಳಿದೆ. ಚೆನ್ನಾಗಿ ಆಡುವವರು ಹೇಳುವುದು ಇದು: ಸಂಜೆ ಕೆಲಸ ಮುಗಿಸಿ ಬಂದು ಅರ್ಧ ಗಂಟೆ ಆರಾಮಾಗಿ ಆಡೋಣ ಅಂದರೆ ಪ್ರತಿ ಮ್ಯಾಚೂ ಫೈನಲ್ ಥರ, ಬೆವರು ಸುರಿಸಲೇಬೇಕು. ಎರಡು ಮ್ಯಾಚ್ ಚೆನ್ನಾಗಿ ಆಡಿದರೆ ಮೂರನೆಯದರಲ್ಲಿ ಎದುರಿಗೆ ಇನ್ನೂ ಗಟ್ಟಿಯಾದವರು. ಕಲಿತಷ್ಟೂ ಎದುರಾಳಿಯೂ ಏರುತ್ತಾನೆ, ಹಾಗಾಗಿ ನಾನು ಬೆಳೆದಿದ್ದೇನೆ ಅಂತ ನನಗೇ ಗೊತ್ತಾಗುವುದಿಲ್ಲ. ಗೆಳೆಯರ ಜೊತೆ ಸೇರಿ ಆಡಿದರೆ ಅವರು ನನ್ನ ಲಾಬಿಯಲ್ಲಿ ಒದ್ದಾಡುತ್ತಾರೆ. ಹಳೆಯ ಕಾಲದಲ್ಲಿ, ಅಂದರೆ 2007ರ ‘ಮಾಡರ್ನ್ ವಾರ್‌ಫೇರ್’ ದಿನಗಳಲ್ಲಿ, ಯಾರು ಸಿಗುತ್ತಾರೋ ಅವರ ಜೊತೆ ಆಡುತ್ತಿದ್ದೆವು, ಎಷ್ಟು ಚೆನ್ನಾಗಿತ್ತು ಅಂತ ಸೇರಿಸುತ್ತಾರೆ. ಕಂಪನಿ ಹೇಳಿದ ಪ್ರಕಾರ 2007ರಲ್ಲೂ ಸ್ಕಿಲ್ ಲೆಕ್ಕಕ್ಕೆ ಇತ್ತು. ಆದರೆ ಜನರ ನೆನಪಿನಲ್ಲಿ ಹಾಗಿಲ್ಲ.

ಕೆಲವರು ದೂರಿಗೆ ನಿಲ್ಲಲಿಲ್ಲ, ಅಡ್ಡದಾರಿ ಹಿಡಿದರು. ಬೇಕಂತಲೇ ಸತ್ತು ಸತ್ತು ಅಂಕ ಇಳಿಸಿಕೊಂಡು, ಆಮೇಲೆ ಎಳಸು ಆಟಗಾರರ ಲಾಬಿಗೆ ಇಳಿದು ಅಲ್ಲಿ 40, 50 ಹೊಡೆದು ವಿಡಿಯೋ ಹಾಕುವುದು. ಇಲ್ಲದಿದ್ದರೆ ಹೊಸ ಅಕೌಂಟ್ ಮಾಡಿಕೊಂಡು ಆ ಮೊದಲ ಕೆಲವು ಮ್ಯಾಚ್‌ಗಳ ಅನುಮಾನವನ್ನು ಬಳಸಿಕೊಳ್ಳುವುದು. ಇನ್ನು ಕೆಲವರು ಬೇರೆ ಊರಿನಲ್ಲಿದ್ದ ಹಾಗೆ ತೋರಿಸುವ ವಿಪಿಎನ್ ಹಾಕಿಕೊಂಡು, ಹೊತ್ತಲ್ಲದ ಹೊತ್ತಿನಲ್ಲಿ ಇನ್ನೊಂದು ದೇಶದ ಖಾಲಿ ಸರ್ವರಿಗೆ ಹೋಗಿ ಸುಲಭದ ಲಾಬಿ ಹುಡುಕಿದರು. ಇದು ಮೋಸ ಅಂತಲೇ ನಾನು ಹೇಳುತ್ತೇನೆ. ಆ 50ರಲ್ಲಿ ಪ್ರತಿಯೊಂದು ಸಾವೂ ನಮ್ಮ ಮನೆಯ ಹುಡುಗನ ಥರದವನೊಬ್ಬನದ್ದು.

ಇದರ ಹಿಂದೆ ದುಡ್ಡಿನ ಲೆಕ್ಕ ಇದೆ ಅನ್ನುವ ಆಟಗಾರರ ಅನುಮಾನಕ್ಕೂ ಕಾರಣ ಇತ್ತು. 2017ರ ಅಕ್ಟೋಬರಿನಲ್ಲಿ ಆಕ್ಟಿವಿಷನ್‌ಗೆ ಒಂದು ಪೇಟೆಂಟ್ ಸಿಕ್ಕಿತ್ತು. ಆಟಗಾರರು ಗೇಮ್ ಒಳಗಿನ ಅಂಗಡಿಯಲ್ಲಿ ದುಡ್ಡು ಕೊಟ್ಟು ವಸ್ತು ಕೊಳ್ಳುವ ಹಾಗೆ ಮ್ಯಾಚ್‌ಮೇಕಿಂಗ್, ಅಂದರೆ ಜೋಡಿ ಕಟ್ಟುವ ಕೆಲಸ, ಮಾಡುವುದು ಹೇಗೆ ಅನ್ನುವ ಬಗ್ಗೆ. ಯಾವ ಗೇಮ್‌ನಲ್ಲೂ ಅದನ್ನು ಬಳಸಿಲ್ಲ ಅಂತ ಕಂಪನಿ ಆಗಲೇ ಹೇಳಿತು. 2024ರಲ್ಲೂ ಖರ್ಚು ಮಾಡಿದ ದುಡ್ಡಿಗೂ ಸಿಗುವ ಲಾಬಿಗೂ ಸಂಬಂಧ ಇಲ್ಲ ಅಂತ ಬರೆದುಕೊಟ್ಟಿತು. ಆದರೆ ಕಾಣದ ಅಂಕದ ಬಗ್ಗೆ ಒಂದು ಸಲ ಅನುಮಾನ ಹುಟ್ಟಿದರೆ, ಪ್ರತಿ ಕೆಟ್ಟ ಸಂಜೆಯೂ ಅದಕ್ಕೆ ಸಾಕ್ಷಿಯ ಥರ ಕಾಣುತ್ತದೆ ಅಲ್ವಾ.

ಈ ಹಿನ್ನೆಲೆಯಲ್ಲಿ ಪರೀಕ್ಷೆ ನಡೆಯಿತು. ಅರ್ಧ ಜನಕ್ಕೆ ಸಡಿಲ, ಇನ್ನರ್ಧಕ್ಕೆ ಮೊದಲಿನಂತೆ. ಔಷಧಿಯ ಪರೀಕ್ಷೆಯಲ್ಲಿ ಮಾಡುತ್ತಾರಲ್ಲ, ಅದೇ ಕ್ರಮ. ಯಾವ ಗುಂಪಿನಲ್ಲಿದ್ದೇವೆ ಅಂತ ಆಟಗಾರರಿಗೆ ಹೇಳಿರಲಿಲ್ಲ. ಹೇಳಿದ್ದರೆ ಪರೀಕ್ಷೆಯೇ ಕೆಡುತ್ತಿತ್ತು, ಯಾಕೆಂದರೆ ಸಡಿಲ ಮಾಡಿದ್ದಾರೆ ಅಂತ ಗೊತ್ತಾದರೆ ಸಾಕು, ಅರ್ಧ ಜನಕ್ಕೆ ಅದೇ ಖುಷಿಯಾಗಿರುತ್ತಿತ್ತು.

ಫಲಿತಾಂಶ ಹೀಗಿತ್ತು. ಸಡಿಲ ಮಾಡಿದ ಗುಂಪಿನಲ್ಲಿ 100ಕ್ಕೆ 90 ಜನ ಮತ್ತೆ ಆಡಲು ಬರುವುದು ಕಡಿಮೆಯಾಯಿತು. ಜಾಸ್ತಿ ಬಂದಿದ್ದು ಮೇಲಿನ 10 ಜನ ಮಾತ್ರ. ಮ್ಯಾಚ್ ಮಧ್ಯದಲ್ಲೇ ಬಿಟ್ಟು ಹೋಗುವುದು 100ಕ್ಕೆ 80 ಜನರಲ್ಲಿ ಹೆಚ್ಚಿತು. ಏಕಪಕ್ಷೀಯ ಮ್ಯಾಚ್‌ಗಳು, ಅಂದರೆ ಒಂದು ತಂಡ ಇನ್ನೊಂದನ್ನು ಚಚ್ಚಿ ಹಾಕುವಂಥವು, ಜಾಸ್ತಿಯಾದವು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ 90. ತಳದವರಿಗೆ ಕಷ್ಟವಾಗುತ್ತದೆ ಅಂತ ಯಾರು ಬೇಕಾದರೂ ಊಹಿಸಬಹುದಿತ್ತು. ಆದರೆ ನಡುವಿನವರು, ನನ್ನಂಥವರು, ಒಂದು ಮಟ್ಟಿಗೆ ಚೆನ್ನಾಗಿಯೇ ಆಡುವವರು, ಅವರೂ ಯಾಕೆ ಹಿಂದೆ ಸರಿದರು? ಇದಕ್ಕೆ ನಾನು ಒಂದು ಸಣ್ಣ ಲೆಕ್ಕ ಹಾಕಿ ನೋಡಿದೆ. ಇದು ವರದಿಯದ್ದಲ್ಲ, ನನ್ನದು. ಕ್ಯಾಲ್ಕುಲೇಟರ್ ಇದ್ದರೆ ನೀವೂ ಮಾಡಬಹುದು.

ಸ್ಕಿಲ್ ಒಂದು ಚೂರೂ ನೋಡದೆ ಚೀಟಿ ಎತ್ತಿದ ಹಾಗೆ 12 ಜನರನ್ನು ಒಂದು ಲಾಬಿಗೆ ಹಾಕಿದರು ಅಂದುಕೊಳ್ಳಿ. ಎಲ್ಲ ಆಟಗಾರರನ್ನು ಕೆಳಗಿನಿಂದ ಮೇಲಕ್ಕೆ ಸಾಲಾಗಿ ನಿಲ್ಲಿಸಿದರೆ, ನೀವು ತಳದಿಂದ 100ಕ್ಕೆ 5ನೇ ಜಾಗದಲ್ಲಿದ್ದೀರಿ. ಅಂದರೆ 95 ಜನ ನಿಮಗಿಂತ ಮೇಲು. ಉಳಿದ 11 ಜನರೂ ನಿಮಗಿಂತ ಮೇಲಿನವರೇ ಆಗಿರುವ ಸಾಧ್ಯತೆ 0.95ನ್ನು 11 ಸಲ ಗುಣಿಸಿದಷ್ಟು, ಸುಮಾರು 0.57. ಅಂದರೆ 100 ಮ್ಯಾಚ್ ಆಡಿದರೆ 57ರಲ್ಲಿ ಇಡೀ ಲಾಬಿಗೆ ನೀವೇ ಕೊನೆಯವರು. ದಿನಕ್ಕೆ ನಾಲ್ಕು ಮ್ಯಾಚ್ ಆಡುವವನಿಗೆ ದಿನಾ ಎರಡು ಸಲಕ್ಕಿಂತ ಜಾಸ್ತಿ ಈ ಅನುಭವ. ಸರಿಯಾಗಿ ನಡುವೆ ಇರುವವನಿಗೆ ಇದೇ ಲೆಕ್ಕ ಮಾಡಿದರೆ 2048 ಮ್ಯಾಚ್‌ಗೆ ಒಂದು ಸಲ. ಹಾಗಾಗಿ ನಡುವಿನವನು ಸ್ಕಿಲ್ ತೆಗೆದು ಹಾಕಿ ಅಂತ ಧೈರ್ಯವಾಗಿ ಹೇಳುತ್ತಾನೆ, ಅವನಿಗೆ ಮೊದಲ ದಿನ ಏನೂ ಆಗುವುದಿಲ್ಲ.

ಈಗ ತಳದಿಂದ 15ನೇ ಜಾಗದಲ್ಲಿರುವವನನ್ನು ನೋಡಿ. ಅವನು ಲಾಬಿಗೆ ಕೊನೆಯವನಾಗುವುದು 100ಕ್ಕೆ 17 ಸಲ. ಬೇಜಾರು, ಆದರೆ ತಡೆದುಕೊಳ್ಳಬಹುದು. ಒಂದು ತಿಂಗಳಲ್ಲಿ ತಳದ 10 ಜನ ಸಾಕಾಗಿ ಗೇಮ್ ಬಿಟ್ಟರು ಅಂದುಕೊಳ್ಳಿ. ಈಗ ಉಳಿದಿದ್ದು 90 ಜನ. ಅದರಲ್ಲಿ ಇವನ ಜಾಗ 5ನೆಯದು, ಅಂದರೆ 100ರ ಲೆಕ್ಕದಲ್ಲಿ 5.6. ಮತ್ತೆ ಗುಣಿಸಿದರೆ 100ಕ್ಕೆ 53 ಸಲ ಇವನೇ ಕೊನೆ. ಇವನ ಕೈ ಒಂದು ಚೂರೂ ಕೆಟ್ಟಿಲ್ಲ, ಇನ್ನೂ ಸ್ವಲ್ಪ ಕಲಿತೇ ಇರಬಹುದು. ಅವನ ಕೆಳಗಿದ್ದ ಮೆಟ್ಟಿಲು ಮಾಯವಾಯಿತು, ಅಷ್ಟೇ. ಇವನೂ ಹೋದರೆ ಸರದಿ 25ನೆಯವನದ್ದು.

ಆಕ್ಟಿವಿಷನ್ ವರದಿಯೂ ಬೇರೆ ಮಾತಿನಲ್ಲಿ ಇದನ್ನೇ ಹೇಳಿತು. ಕಡಿಮೆ ಸ್ಕಿಲ್ಲಿನವರು ಸೋತು ಸೋತು ಬಿಡುತ್ತಾರೆ, ಕೆರೆ ಚಿಕ್ಕದಾಗುತ್ತದೆ, ಉಳಿದವರಿಗೆ ಕಾಯುವುದು ಜಾಸ್ತಿಯಾಗುತ್ತದೆ, ಕನೆಕ್ಷನ್ ಕೆಡುತ್ತದೆ, ಕೊನೆಗೆ ಚೆನ್ನಾಗಿ ಆಡುವವರಷ್ಟೇ ಉಳಿದು ಅವರೇ ಅವರ ಜೊತೆ ಆಡಬೇಕಾಗುತ್ತದೆ. ಮೂರು ಹಗ್ಗದ ಮಾತು ಇಲ್ಲಿ ಬರುತ್ತದೆ. ಸಮಬಲದ ಹಗ್ಗ ಬಿಟ್ಟರೆ ಮೊದಲ ವಾರ ಪಿಂಗ್ ಮತ್ತು ಕಾಯುವ ಹೊತ್ತು ಎರಡೂ ಚೆನ್ನಾಗಬಹುದು, ಯಾರು ಸಿಕ್ಕರೂ ಸರಿ ಅಂದ ಮೇಲೆ ಜನ ಬೇಗ ಸಿಗುತ್ತಾರಲ್ಲ. ಜನ ಕರಗಿದ ಮೇಲೆ ಆ ಎರಡು ಹಗ್ಗವೂ ಕೈಯಿಂದ ಜಾರುತ್ತವೆ. ಮೇಲಿನ 10 ಜನ ಯಾವ ಬೆವರಿನ ಲಾಬಿಯಿಂದ ತಪ್ಪಿಸಿಕೊಳ್ಳಲು ಇದನ್ನು ಕೇಳಿದ್ದರೋ ಅಲ್ಲಿಗೇ ವಾಪಸ್ ಬಂದು ನಿಲ್ಲುತ್ತಾರೆ, ಈ ಸಲ ಪಿಂಗ್ ಕೂಡ ಕೆಟ್ಟಿರುತ್ತದೆ.

ಈ ವರದಿಯನ್ನು ಕಣ್ಣು ಮುಚ್ಚಿ ಒಪ್ಪಬೇಕಾ? ನಾನು ಹಾಗೆ ಹೇಳುವುದಿಲ್ಲ. ಪರೀಕ್ಷೆ ಮಾಡಿದ್ದೂ ಕಂಪನಿ, ಬರೆದಿದ್ದೂ ಕಂಪನಿ. ಹೊರಗಿನವರು ಅದೇ ಅಂಕಿಅಂಶ ಇಟ್ಟುಕೊಂಡು ಮತ್ತೆ ಲೆಕ್ಕ ಮಾಡುವ ಹಾಗಿಲ್ಲ. ಮತ್ತೆ ಬಂದರಾ ಇಲ್ಲವಾ ಅನ್ನುವುದು ಖುಷಿಯ ಅಳತೆ ಅಲ್ಲ, ಚಟ ಹತ್ತಿದವನೂ ಮತ್ತೆ ಬರುತ್ತಾನೆ. 90 ಜನ ಕಡಿಮೆ ಬಂದರು ಅನ್ನುವಾಗ ಒಬ್ಬೊಬ್ಬರೂ ಎಷ್ಟು ಕಡಿಮೆ ಬಂದರು ಅನ್ನುವುದು ಮುಖ್ಯ. ನಡುವಿನವನು ಒಂದು ಕೂದಲೆಳೆ ಕಡಿಮೆ ಬಂದಿರಬಹುದು, ತಳದವನು ಪೂರ್ತಿ ಬಿಟ್ಟಿರಬಹುದು, ಇಬ್ಬರನ್ನೂ ಒಂದೇ 90ರಲ್ಲಿ ಸೇರಿಸಿದರೆ ಕಥೆ ಸ್ವಲ್ಪ ಮಸುಕಾಗುತ್ತದೆ. ನಿಜವಾಗಿ ಸಡಿಲ ಮಾಡಿದ್ದೂ ಒಂದು ಮಟ್ಟಕ್ಕೆ ಮಾತ್ರ, ಪೂರ್ತಿ ಚೀಟಿ ಎತ್ತುವ ಪದ್ಧತಿಗೆ ಅಲ್ಲ. ನನ್ನ ಗುಣಾಕಾರ ಅತಿರೇಕದ ತುದಿಯದ್ದು ಅಂತ ತಿಳಿದುಕೊಂಡೇ ಓದಿ. ಇಷ್ಟೆಲ್ಲ ಹೇಳಿದ ಮೇಲೂ ಅದರ ದಿಕ್ಕು ಸರಿ ಅಂತಲೇ ನನ್ನ ನಂಬಿಕೆ. ಗುಣಾಕಾರ ಹೇಳುವುದೂ, ಸೋಫಾದ ಮೇಲೆ ಕಂಟ್ರೋಲರ್ ಇಟ್ಟ ಹುಡುಗ ಹೇಳಿದ್ದೂ ಒಂದೇ.

ಕಂಪನಿಯ ಮೇಲೆ ನನಗಿರುವ ಸಿಟ್ಟು ಬೇರೆ ವಿಷಯಕ್ಕೆ. ಅಂಕವನ್ನು ಯಾಕೆ ಮುಚ್ಚಿಡಬೇಕು? ಬೆಳೆದಿದ್ದು ಕಾಣುವುದಿಲ್ಲ ಅನ್ನುವ ದೂರು ಇದೆಯಲ್ಲ, ಅದು ಜೋಡಿ ಕಟ್ಟಿದ್ದರ ತಪ್ಪಲ್ಲ, ಮುಚ್ಚಿಟ್ಟಿದ್ದರ ತಪ್ಪು. ಚೆಸ್ ಆಡುವವನು 1500ರವರ ಜೊತೆ ಅರ್ಧ ಗೆದ್ದು ಅರ್ಧ ಸೋಲುತ್ತಾನೆ, ಒಂದು ವರ್ಷದ ಮೇಲೆ 1700ರವರ ಜೊತೆಯೂ ಅರ್ಧ ಗೆದ್ದು ಅರ್ಧ ಸೋಲುತ್ತಾನೆ. ಅವನ ಗೆಲುವಿನ ಲೆಕ್ಕ ಎರಡೂ ವರ್ಷ ಒಂದೇ. ಆದರೂ ಅವನಿಗೆ ಬೇಜಾರಿಲ್ಲ, 200 ಅಂಕ ಏರಿದ್ದೇನೆ ಅಂತ ಹೆಸರಿನ ಪಕ್ಕದಲ್ಲೇ ಕಾಣುತ್ತದೆ. ಲಿಚೆಸ್ ಅನ್ನುವ ಆನ್‌ಲೈನ್ ಚೆಸ್ ತಾಣದಲ್ಲಿ ಹೊಸಬರು 1500ರಿಂದ ಶುರು ಮಾಡುತ್ತಾರೆ, ಅಂಕದ ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ ಇರುತ್ತದೆ, ನಮಗಿನ್ನೂ ನಿನ್ನ ಬಗ್ಗೆ ಖಾತ್ರಿ ಇಲ್ಲ ಅಂತ. ಆಡುತ್ತಾ ಹೋದ ಹಾಗೆ ಆ ಚಿಹ್ನೆ ಹೋಗುತ್ತದೆ. ಎಷ್ಟು ಪ್ರಾಮಾಣಿಕ ನೋಡಿ. ಶೂಟಿಂಗ್ ಗೇಮ್‌ಗಳ ಮಾಮೂಲಿ ಮೋಡ್‌ನಲ್ಲೂ ಇಷ್ಟು ಮಾಡಿದ್ದರೆ ಈ ಜಗಳ ಅರ್ಧಕ್ಕರ್ಧ ಇರುತ್ತಿರಲಿಲ್ಲ ಅಂತ ನನಗನ್ನಿಸುತ್ತದೆ. ಅಂಕ ಕಂಡರೆ ಕಡಿಮೆ ಇರುವವರಿಗೆ ನಾಚಿಕೆಯಾಗುತ್ತದೆ ಅನ್ನುವ ವಾದ ಇದೆ. ಇರಬಹುದು. ಬೇಕಾದವರಿಗೆ ಮಾತ್ರ ತೋರಿಸಲಿ.

ಪ್ರಕರಣ 2024ಕ್ಕೆ ಮುಗಿಯಲಿಲ್ಲ. 2025ರ ಅಕ್ಟೋಬರಿನಲ್ಲಿ ಇದೇ ಸರಣಿಯ ‘ಬ್ಲ್ಯಾಕ್ ಆಪ್ಸ್ 7’ರ ಬೀಟಾ, ಅಂದರೆ ಬಿಡುಗಡೆಗೆ ಮುಂಚಿನ ಪರೀಕ್ಷಾ ಆವೃತ್ತಿ, ಬಂದಾಗ, ಸ್ಕಿಲ್ಲನ್ನು ತೀರಾ ಕಡಿಮೆ ನೋಡುವ ಒಂದು ಪ್ಲೇಲಿಸ್ಟನ್ನು ಬಹಿರಂಗವಾಗಿಯೇ ಇಟ್ಟರು. ಚೆನ್ನಾಗಿ ಆಡುವವರು, ವಿಡಿಯೋ ಮಾಡುವವರು ತುಂಬಾ ಹೊಗಳಿದರು. ಬೀಟಾ ಆದ ಮೇಲೆ ಕಂಪನಿ, ನವೆಂಬರ್ 14ಕ್ಕೆ ಗೇಮ್ ಬಿಡುಗಡೆಯಾಗುವಾಗ ಈ ತೆರೆದ ಮ್ಯಾಚ್‌ಮೇಕಿಂಗೇ ಮಾಮೂಲಿ ಪದ್ಧತಿ ಆಗಿರುತ್ತದೆ ಅಂತ ಸಾರಿತು. ಒಂದು ಮ್ಯಾಚ್ ಮುಗಿದ ಮೇಲೆ ಲಾಬಿ ಒಡೆಯದೆ ಅದೇ ಜನ ಮುಂದಿನ ಮ್ಯಾಚಿಗೂ ಇರುತ್ತಾರೆ ಅಂತಲೂ ಹೇಳಿತು. ಲಾಬಿ ಒಡೆಯದಿರುವುದು ಒಳ್ಳೆಯ ಬದಲಾವಣೆ, ಮಾತುಕತೆ ಬೆಳೆಯುತ್ತದೆ, ಸೋತವನಿಗೆ ಅದೇ ಎದುರಾಳಿಯ ಮೇಲೆ ಇನ್ನೊಂದು ಅವಕಾಶ ಸಿಗುತ್ತದೆ. ಮೊದಲ ಭಾಗದ ಬಗ್ಗೆ ನನಗೆ ಕಳವಳ ಇದೆ. ಇದಕ್ಕೆ ಹದಿನೈದು ತಿಂಗಳ ಮೊದಲಷ್ಟೇ, ತಾನೇ ಮಾಡಿದ ಪರೀಕ್ಷೆ ಇಟ್ಟುಕೊಂಡು, 100ಕ್ಕೆ 90 ಜನಕ್ಕೆ ಇದು ಒಳ್ಳೆಯದಲ್ಲ ಅಂತ ಬರೆದ ಕಂಪನಿ ಅದು. ಬೀಟಾಕ್ಕೆ ಓಡಿ ಬರುವವರು ಯಾರು, ಮೊದಲ ದಿನವೇ ಆಡಿ ಅಭಿಪ್ರಾಯ ಬರೆಯುವವರು ಯಾರು ಅಂತ ಯೋಚಿಸಿ. ತಳದಿಂದ 15ನೇ ಜಾಗದವನು ಅಲ್ಲಿರುವುದು ಕಡಿಮೆ. ಅವನು ಹಬ್ಬಕ್ಕೋ ಹುಟ್ಟಿದ ಹಬ್ಬಕ್ಕೋ ಗೇಮ್ ಕೊಂಡು ಒಂದು ತಿಂಗಳು ತಡವಾಗಿ ಬರುವವನು.

ಮ್ಯಾಪ್ ಎಷ್ಟು, ಗನ್ ಎಷ್ಟು ಅಂತ ಹೇಳುವ ಹಾಗೆಯೇ, ಸ್ಕಿಲ್ಲಿಗೆ ಎಷ್ಟು ತೂಕ ಕೊಟ್ಟಿದ್ದೇವೆ, ಅದರಿಂದ ಯಾರು ಉಳಿದರು ಯಾರು ಹೋದರು ಅಂತ ಪ್ರತಿ ಸೀಸನ್ನಿಗೂ ಹೇಳುವುದು ಕಷ್ಟದ ಕೆಲಸವಲ್ಲ. 2024ರಲ್ಲಿ ಒಂದು ಸಲ ಮಾಡಿ ತೋರಿಸಿದ್ದಾರೆ. ಅದನ್ನು ಮುಂದುವರಿಸಲಿ ಅಂತ ನಾನು ಕೇಳುತ್ತೇನೆ, ಫಲಿತಾಂಶ ನನ್ನ ಲೆಕ್ಕಕ್ಕೆ ವಿರುದ್ಧ ಬಂದರೂ ಸರಿ.

ಅಕ್ಕನ ಮಗ ದಸರಾ ರಜೆಗೆ ಮತ್ತೆ ಬಂದಿದ್ದ. ಅವನ ಅಕೌಂಟ್ ಈಗ ಸುಮಾರು ಗಟ್ಟಿಯಾಗಿದೆ. ಇಬ್ಬರೂ ಸೇರಿ ಪಾರ್ಟಿ ಮಾಡಿ, ಅಂದರೆ ಒಂದೇ ತಂಡಕ್ಕೆ ಒಟ್ಟಿಗೆ ಸೇರಿಕೊಂಡು, ಆಡೋಣ ಅಂದೆ. ಎರಡು ಟಿವಿ ಹಾಕಿಕೊಂಡು, ಪಕ್ಕದಲ್ಲೇ ಕೂತು ಎರಡು ಮ್ಯಾಚ್ ಆಡಿದೆವು. ಪಾರ್ಟಿಯಲ್ಲಿ ಒಬ್ಬ ಮೇಲಿನವನು ಇದ್ದರೆ ಲಾಬಿ ಅವನ ಕಡೆಗೇ ವಾಲುತ್ತದೆ, ಇದು ಎಷ್ಟೋ ಗೇಮ್‌ಗಳಲ್ಲಿ ಹಾಗೇ. ನಾನು ಹೆಚ್ಚುಕಮ್ಮಿ ಸಮ ಸಮ ಆಡಿದೆ, ಅವನು 4 ಹೊಡೆದು 16 ಸಲ ಸತ್ತ. ಎರಡನೆಯದು ಮುಗಿದ ಮೇಲೆ ಪಾರ್ಟಿಯಿಂದ ಹೊರಗೆ ಬಂದು, ನನ್ನ ಕುರ್ಚಿಯನ್ನು ತನ್ನ ಟಿವಿ ಕಡೆ ತಿರುಗಿಸಿ, “ಮಾಮ, ನೀನು ಸ್ವಲ್ಪ ಹೊತ್ತು ಇಲ್ಲಿ ಕೂತ್ಕೊಂಡು ನೋಡು, ನಾನೊಬ್ನೇ ಆಡ್ತೀನಿ” ಅಂದ. ಆ ಮ್ಯಾಚ್‌ನಲ್ಲಿ ಅವನು 11 ಹೊಡೆದು 10 ಸಲ ಸತ್ತ, ಅವನ ತಂಡ ಕೊನೆಯ ನಿಮಿಷದಲ್ಲಿ ಸೋತಿತು. ಇನ್ನೊಂದು ಮ್ಯಾಚ್ ಹುಡುಕಲು ಅವನು ಆಗಲೇ ಒತ್ತಿದ್ದ.